ರೋಗಿಗಳ ನಂತರ ನಮ್ಮ ವರದಿ

ಸಹಕಾರನಗರ
7 ಅಕ್ಟೋಬರ್ 2009

ಮುದ್ದಿನ ನಾಗಲಕ್ಷ್ಮಿ,

ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಕಾಗದವನ್ನೂ ಹರಿಯಬಹುದು, ಆದರೆ ನಿನ್ನ ಕುತೂಹಲ ನನಗೆ ಗೊತ್ತು, ಓದಿಯೇ ಹರಿಯುತ್ತೀಯ.

ಆ ದಿನ ಹಂದಿಜ್ವರದ ವಾರ್ಡಿನ ಬಾಗಿಲಲ್ಲಿ ನಿನಗೆ ಮಾಸ್ಕಿನ ದಾರ ಕಟ್ಟಲಾಗಲಿಲ್ಲ. "ಅಕ್ಕಾ, ಎದೆ ಹೊಡ್ಕೊಳ್ತಿದೆ, ಒಳಗೆ ಹೋಗೋಕಾಗ್ತಿಲ್ಲ" ಎಂದೆ ನೀನು. ವಾರ್ಡಿನ ಹಿರಿಯ ನರ್ಸಾದ ನಾನು ಎಲ್ಲರೆದುರು, "ಹೆದರೋಳು ನರ್ಸ್ ಯಾಕಾದೆ" ಎಂದುಬಿಟ್ಟೆ. ಮಾರನೆಯ ದಿನ ನಿನ್ನ ತಮ್ಮ ಬಾಲರಾಜ್ ಬಾಗಲಗುಂಟೆಯಿಂದ ನಿನ್ನ ರಾಜೀನಾಮೆ ತಂದುಕೊಟ್ಟ.

ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಆ ವಾರವೆಲ್ಲ ನಾನು ಬಟ್ಟೆ ಕೋಣೆಯಲ್ಲಿ ಅಡಗಿ ದಿನಕ್ಕೆ ಹತ್ತು ಸಲ ನನ್ನದೇ ಜ್ವರ ನೋಡಿಕೊಳ್ಳುತ್ತಿದ್ದೆ. ಜ್ವರ ಇರಲಿಲ್ಲ. ಆದರೂ ಮಗಳು ಶಿಲ್ಪಳನ್ನು ಹತ್ತಿರ ಸೇರಿಸಲಿಲ್ಲ. ಬರೆಯುವುದಕ್ಕೂ ನಾಚಿಕೆಯಾಗುತ್ತದೆ ಕಣೆ.

ಹೋದ ಮಂಗಳವಾರ ಮಧ್ಯಾಹ್ನ ಪಾಳಿ ಬದಲಾಗುವಾಗ, ಎಂದಿನಂತೆ ಒಂದೊಂದೇ ಹಾಸಿಗೆಯ ಬಳಿ ನಿಂತು ರೋಗಿಗಳನ್ನು ಮುಂದಿನವರಿಗೆ ಒಪ್ಪಿಸುತ್ತಿದ್ದೆ. ಕೊನೆಯ ಹಾಸಿಗೆಯ ಪಿಳ್ಳಪ್ಪನವರು ಬೆಳಿಗ್ಗೆ ಎರಡು ಇಡ್ಲಿ ತಿಂದರು ಎಂದೆ. ಬಾಯಿ ಅಲ್ಲಿಗೆ ನಿಲ್ಲಲಿಲ್ಲ, ನನ್ನನ್ನೂ ರೋಗಿಯಂತೆ ಒಪ್ಪಿಸಿಬಿಟ್ಟೆ. "ಕಲಾವತಿ, ಮೂವತ್ತೊಂಬತ್ತು ವರ್ಷ, ಜ್ವರ ಇಲ್ಲ, ಐದು ದಿನದಿಂದ ನಿದ್ದೆ ಇಲ್ಲ, ಮಗಳನ್ನ ಹತ್ತಿರ ಸೇರಿಸ್ತಿಲ್ಲ" ಎಂದೆ. ಯಾರೂ ನಗಲಿಲ್ಲ. ಸಿಸ್ಟರ್ ಮಲ್ಕಾ ಕೂಡ ಹಾಗೆಯೇ ತನ್ನ ಸ್ಥಿತಿಯ ವರದಿ ಕೊಟ್ಟಳು. ಆಯಾ ಮುನಿಕೆಂಪಮ್ಮ, "ನಂಗೂ ಇಂಗೇ ಕಣಮ್ಮ, ಕಣ್ಣು ಮುಚ್ಚಿದ್ರೆ ಕೆಮ್ಮೇ ಕೇಳ್ತದೆ" ಎಂದರು.

ಬಾಗಿಲಲ್ಲಿ ಮೇಟ್ರನ್ ನಿಂತಿದ್ದರು. ಮೆಮೊ ಖಂಡಿತ ಎಂದುಕೊಂಡೆ. ಅವರು, "ಇದನ್ನೂ ರಿಜಿಸ್ಟರಲ್ಲಿ ಬರೀರಿ" ಎಂದು, ಬರೆದದ್ದನ್ನು ಹಿಡಿದು ಸೂಪರಿಂಟೆಂಡೆಂಟರ ಬಳಿಗೇ ಹೋದರು. ಈಗ ಆ ವಾರ್ಡಿನಲ್ಲಿ ಒಂದು ವಾರ ಮಾಡಿದರೆ ಮುಂದಿನ ವಾರ ಬೇರೆ ಕಡೆ ಕೆಲಸ. ವಾರಕ್ಕೊಮ್ಮೆ ಮನೋವೈದ್ಯರು ನಮಗೋಸ್ಕರವೇ ಬರುತ್ತಾರೆ. ಪ್ರತಿ ಪಾಳಿಯಲ್ಲೂ ರೋಗಿಗಳ ನಂತರ ನಮ್ಮ ವರದಿ. ಗೆದ್ದೆವು ಕಣೆ. ಪಿಳ್ಳಪ್ಪನವರು ನಿನ್ನೆ ನಡೆದೇ ಮನೆಗೆ ಹೋದರು. ನಾನು ಶಿಲ್ಪಳನ್ನು ತಬ್ಬಿಕೊಂಡು ಎಂಟು ಗಂಟೆ ನಿದ್ದೆ ಮಾಡಿದೆ.

ನೀನು ಅಂದೇ ಹೇಳಿದ್ದನ್ನು ನಾನು ತಡವಾಗಿ ಹೇಳಿದೆ, ಅಷ್ಟೇ. ಹದಿನೈದು ವರ್ಷ ನರ್ಸಾಗಿದ್ದೂ ನಿನ್ನ ಕಾಯಿಲೆ ಗುರುತಿಸಲಿಲ್ಲ. ಕ್ಷಮಿಸು. ನೀನು ಬಾರದ ದಿನಗಳನ್ನು ಮೇಟ್ರನ್ ಕಾಯಿಲೆ ರಜೆ ಎಂದೇ ಬರೆದಿದ್ದಾರೆ. ಸೋಮವಾರದಿಂದ ಮಕ್ಕಳ ವಾರ್ಡಿನಲ್ಲಿ ನಿನ್ನ ಹೆಸರಿದೆ. ಹೆದರಿಕೆ ಇನ್ನೂ ಇದ್ದರೆ ಅದನ್ನೂ ಕರೆದುಕೊಂಡು ಬಾ.

ಇಂತಿ,
ಬೈದ ಬಾಯಿಂದಲೇ ಕರೆಯುತ್ತಿರುವ
ನಿನ್ನ ಕಲಾವತಿ ಅಕ್ಕ

ತಾ.ಕ.: ರಾಜೀನಾಮೆ ಕೊಟ್ಟವಳಿಗೆ ರಜೆ ಹೇಗೆ ಎಂದು ಕೇಳುತ್ತೀಯ. ಮೇಟ್ರನ್ ಆ ಕಾಗದವನ್ನು ನೋಡಿಯೇ ಇಲ್ಲ. ಬಾಲರಾಜ್ ಕೊಟ್ಟ ದಿನದಿಂದ ಅದು ನನ್ನ ಊಟದ ಚೀಲದಲ್ಲಿದೆ. ಸಾರು ಚೆಲ್ಲಿ ನಿನ್ನ ಸಹಿಯೂ ಅಳಿಸಿಹೋಗಿದೆ. ಕೆಲಸ ಬಿಡಲೇಬೇಕೆಂದಿದ್ದರೆ ನೀನೇ ಬಂದು ಇನ್ನೊಂದು ಬರೆದುಕೊಡು.