ಮುನೀರಾ ತುಂಬಿಕೊಟ್ಟ ಫಾರಂ

೧೩ ಜೂನ್ ೧೯೯೪
ಮತ್ತೆ ಕಮಲಾಪುರ. ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬಂದೆ. ಉರ್ದು ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯರು ಕಾಲೇಜಿಗೆ ಯಾಕೆ ಬರುವುದಿಲ್ಲ — ಐದು ವರ್ಷದಿಂದ ಇದೇ ಪ್ರಶ್ನೆ, ಇದೇ ಪಿಎಚ್‌ಡಿ. ಇವತ್ತು ಮೂರು ಮನೆಯವರು ಬಾಗಿಲು ಹಾಕಿಕೊಂಡರು. ಸರ್ವೆ ಅಂದರೆ ರೇಷನ್ ಕಾರ್ಡ್ ಕಿತ್ತುಕೊಳ್ಳಲು ಬಂದವಳು ಅಂತ ಭಯ. ಸಾಕಾಗಿದೆ.

೧೫ ಜೂನ್
ಗೈಡ್ ಚಂದ್ರಾಮಪ್ಪ ಸರ್ ಉಪಾಯ: "ಫಾರಂ ಮ್ಯಾಲ ಯೂನಿವರ್ಸಿಟಿ ಶಿಕ್ಕಾ ಹೊಡೀರಿ. ಫೋಟೋ ಹಚ್ಚಿಸ್ರಿ. ಆವಾಗ ನಂಬ್ತಾರ." ಅರವತ್ತು ಫಾರಂಗೂ ನಾನೇ ಹೊಡೆದೆ. ಕೈ ನೋವು.

೨೦ ಜೂನ್
ಶಿಕ್ಕಾ ಕೆಲಸ ಮಾಡಿತು. ಒಂದೇ ದಿನ ಹನ್ನೊಂದು ಮನೆ.
ಕೊನೆಯದು ಮಸ್ತಾನಬಿಯದು. ಬಾಳೆತೋಟದಲ್ಲಿ ಕೂಲಿ. ಮಗಳು ಮುನೀರಾ ಫಸ್ಟ್ ಕ್ಲಾಸ್, ಗಣಿತದಲ್ಲಿ ತೊಂಬತ್ತೊಂದು. ಈ ವರ್ಷ ಕಾಲೇಜು ಸಿಗದಿದ್ದರೆ ಅಪ್ಪ ಅವಳನ್ನು ಹೈದರಾಬಾದಿಗೆ ಕಳಿಸುತ್ತಾನಂತೆ, ಚಿಕ್ಕಮ್ಮನ ಹತ್ತಿರ ಹೊಲಿಗೆ ಕೆಲಸಕ್ಕೆ. 'ಮುಂದೆ ಓದಬಯಸುವ ವಿಷಯ' ಎಂಬಲ್ಲಿ 'ಸೈನ್ಸ್' ಅಂತ ಒತ್ತಿ ಬರೆದಳು. ತಾಯಿ ಹೆಬ್ಬೆಟ್ಟು ಒತ್ತಿ ಎರಡು ಕೆಂಪು ಬಾಳೆಹಣ್ಣು ಕೈಗಿಟ್ಟಳು. "ಇನ್ನ ನಿಮ್ಮ ಜವಾಬ್ದಾರಿ ನೋಡ್ರಿ ಮೇಡಂ." ಹೂಂ ಅಂದೆ. ಎಲ್ಲರೂ ಹಾಗೇ ಅನ್ನುತ್ತಾರೆ.

೧೧ ಜುಲೈ
ಆ ವಾರವೇ ನಲವತ್ತು ಮನೆ ಮುಗಿದವು; ಆಮೇಲೆ ಬರೀ ಕೋಷ್ಟಕ. 'ಆಸಕ್ತಿ ಇಲ್ಲ' ಎಂಬ ಕಾಲಂ ತುಂಬಿದರೆ ಥೀಸಿಸ್ ಗಟ್ಟಿಯಾಗುತ್ತದೆ ಅಂತ ಸರ್. ಅಲ್ಲಿ ಯಾರಿಗೆ ಆಸಕ್ತಿ ಇಲ್ಲ? ತಲೆ ಕೆಟ್ಟಿದೆ.
ಪಿಯುಸಿ ಅಡ್ಮಿಶನ್ ಮೊನ್ನೆ ಮುಗಿಯಿತು. ಕಾಲೇಜಿನಲ್ಲಿ ಪಟ್ಟಿ ನೋಡಿದೆ. ಮುನೀರಾ ಇಲ್ಲ. ಅರ್ಜಿಯನ್ನೇ ಹಾಕಿಲ್ಲ ಅಂದ ಕ್ಲರ್ಕ್. ಅಷ್ಟು ಜಾಣೆ, ಅಷ್ಟು ಆಸೆ — ಒಂದು ಅರ್ಜಿ ಹಾಕಲು ಏನು ಧಾಡಿ? ನಾಳೆ ಹೋಗಿ ತಾಯಿಗೆ ಸರಿಯಾಗಿ ಬೈಯಬೇಕು.

೧೨ ಜುಲೈ, ಮಧ್ಯಾಹ್ನ, ಕಮಲಾಪುರ ಬಸ್ ಸ್ಟ್ಯಾಂಡ್
ಬೈಯಲೆಂದೇ ಹೋಗಿದ್ದೆ. "ಕಾಲೇಜಿನ ಅರ್ಜಿ ಏನಾತು?" ಅಂದೆ. ಮಸ್ತಾನಬಿ ನಕ್ಕಳು.
"ಮರ್ತ್ರೇನ್ರಿ? ಫೋಟೋ ಹಚ್ಚಿ, ಹೆಬ್ಬೆಟ್ಟು ಒತ್ತಿ ನಿಮ್ಮ ಕೈಯಾಗೇ ಕೊಟ್ಟೀವಲ್ರಿ. ಶಿಕ್ಕಾ ಇತ್ತು ಅದಕ್ಕ. ಕಾಗದ ಬರ್ತದಂತ ದಾರಿ ನೋಡಾಕತ್ತೀವಿ."
ನನ್ನ ಸರ್ವೆ ಫಾರಂನಲ್ಲೂ ಫೋಟೋ, ಶಿಕ್ಕಾ, ಯಾವ ವಿಷಯ ಎಂಬ ಪ್ರಶ್ನೆ. ಅರ್ಜಿಗೆ ಇನ್ನೇನು ಬೇಕು? "ನೋಡ್ತೇನಿ" ಅಂದು ಎದ್ದು ಬಂದೆ. ನಿಜ ಹೇಳಲಿಲ್ಲ. ಹೇಡಿ ನಾನು.
ನನ್ನ ಚೀಲದಲ್ಲಿ ಅಂಥ ತುಂಬಿದ ಫಾರಂ ನಲವತ್ತಿವೆ.

೧೩ ಜುಲೈ
ಪ್ರಿನ್ಸಿಪಾಲರಿಗೆ ತಪ್ಪು ನನ್ನದು ಅಂತ ಹೇಳಿದೆ. ಕೈ ಮುಗಿದೆ. "ತಾರೀಖು ಮುಗೀತ್ರಿ. ಬರೋ ವರ್ಷ ಬರ್ಲಿ." ಬರೋ ವರ್ಷ ಆ ಹುಡುಗಿ ಎಲ್ಲಿರುತ್ತಾಳೆ ಅಂತ ಕೇಳಿದೆ. ಫೈಲ್ ತೆರೆದುಕೊಂಡರು.
ಸರ್ ಸಮಾಧಾನ: "ಒಂದು ಕೇಸ್ ಸ್ಟಡಿ ಸಿಕ್ತು ಬಿಡ್ರಿ." ಎದ್ದು ಬಂದುಬಿಟ್ಟೆ.

೧೬ ಜುಲೈ, ಸಂಜೆ
ಇವತ್ತು ಹೇಳಲೇಬೇಕೆಂದು ಹೋದೆ. ಮುನೀರಾ ಬಾಗಿಲಲ್ಲೇ ನಿಂತಿದ್ದಳು. ತಲೆ ಬಾಚಿ, ಹೊಸ ದುಪಟ್ಟಾ.
"ಮೇಡಂ, ಸೋಮವಾರ ಎಷ್ಟು ಗಂಟಿ ಬಸ್ಸಿಗೆ ಬರ್ಬೇಕ್ರಿ? ಅಬ್ಬಾ ಒಪ್ಪ್ಯಾರ. ಮೇಡಂ ಮನೀ ತನಕ ಬಂದು ಹೋಗ್ಯಾರಂದ್ರ ಸೀಟು ಆದಂಗ ಅಂದ್ರು."
ಕೂತ್ಕೊ ಮುನೀರಾ, ಅಂದೆ. ಕೂತಳು. ಆಮೇಲೆ ನಾನು ಚೀಲದಿಂದ ಅವಳ ಫಾರಂ ತೆಗೆದು ಅವಳ ಮುಂದಿಟ್ಟು, ಇದು ಕಾಲೇಜಿನ ಅರ್ಜಿ ಅಲ್ಲ ಅಂದೆ.