ಮಗ್ಗ ನಿಂತಾಗ

ಸೋಲಾಪುರ, ಶನಿವಾರ

ಹನ್ನೂರಿನ ಅಕ್ಕನಿಗೆ ತಮ್ಮ ಅಮೋಗಸಿದ್ದನ ಶರಣು.

ಬಸ್ ಹತ್ತಿಸುವಾಗ, "ಕಿವಿ ಕೇಳಂಗಿಲ್ಲ, ಮಾತ ಬರಂಗಿಲ್ಲ. ನಿನ್ನ ಕೈಸನ್ನಿ ಅಲ್ಲಿ ಯಾರಿಗಿ ತಿಳೀತದ ತಮ್ಮಾ?" ಎಂದು ನೀನು ಅತ್ತಿದ್ದೆ. ನಿನ್ನ ತುಟಿ ನೋಡಿ ನನಗೂ ಹೆದರಿಕೆಯಾಗಿತ್ತು. ಆದರೆ ಈ ಚಾದರದ ಕಾರ್ಖಾನೆಯಲ್ಲಿ ಮಗ್ಗಗಳ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲವಂತೆ. ನೂಲು ಬೇಕೆಂದರೂ, ಚಹಾ ಬಂತೆಂದರೂ ಎಲ್ಲರದೂ ಕೈಸನ್ನೆಯೇ! ಅದರಲ್ಲಿ ನಾನೇ ಎಲ್ಲರಿಗಿಂತ ಚುರುಕು. ಕರೆಂಟ್ ಹೋದರೆ ಮಾತ್ರ ಅವರೆಲ್ಲ ಬಾಯಲ್ಲಿ ಮಾತಾಡತೊಡಗುತ್ತಾರೆ, ನಾನೊಬ್ಬನೇ ಮತ್ತೆ ಕಿವುಡ. ಸಿಟ್ಟಾಗಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ.

ನಿನ್ನೆ ನಮ್ಮ ಕೆಲಸ ನೋಡಿಕೊಳ್ಳುವ ಮುಕಾದಮರು ಪಾಟಿಯ ಮೇಲೆ, "ತಿಂಗಳ ನೋಡೀನಿ, ಛಲೋ ಮಾಡ್ತಿ. ಸೋಮವಾರದಿಂದ ಪಕ್ಕಾ ನೌಕರಿ" ಎಂದು ಬರೆದು ತೋರಿಸಿದರು. ನೀನು ಹಿಟ್ಟಿನಲ್ಲಿ ತಿದ್ದಿಸಿದ ಅಕ್ಷರ ಉಪಯೋಗಕ್ಕೆ ಬಂತು.

ಹತ್ತಿಯ ದೂಳಿಗೆ ಕೊಂಚ ಕೆಮ್ಮು, ಬೆಲ್ಲ ತಿನ್ನುತ್ತಿದ್ದೇನೆ. ಶೇಂಗಾ ಚಟ್ನಿ ಕಳಿಸು.

ಕಾಗದದಲ್ಲಿ ಜಾಗ ಮುಗಿಯಿತು, ಇಷ್ಟು ಕೇಳು. ಇಂದು ಮಧ್ಯಾಹ್ನ ಪಕ್ಕದ ಮಗ್ಗದ ನರಸಯ್ಯ ತನ್ನ ಮಗಳ ಮದುವೆಯ ಸುದ್ದಿಯನ್ನು ನನಗೆ ಕೈಸನ್ನೆಯಲ್ಲಿ ಹೇಳುತ್ತಿದ್ದಾಗ ಕರೆಂಟ್ ಹೋಯಿತು. ಮಗ್ಗಗಳೆಲ್ಲ ನಿಂತವು. ಅವನ ಕೈ ನಿಲ್ಲಲಿಲ್ಲ.

ನಿನ್ನ ಅಮೋಗಿ