ನಲ್ಲಿಯ ಕೆಳಗಿನ ಕೊಡ

ರೀ,

ನಾನು ಬ್ಯಾಂಕಿಗೆ ಹೊರಟೆ, ಪ್ಯಾರೀಸ್ ಕಾರ್ನರ್ ಬಸ್ಸು ತಪ್ಪಿಸಿಕೊಳ್ಳುವ ಹಾಗಿಲ್ಲ. ಹುಳಿ, ಅನ್ನ ಮುಚ್ಚಿಟ್ಟಿದ್ದೇನೆ. ಸೀಮೆಎಣ್ಣೆ ತಳ ಕಂಡಿದೆ, ಕಾಫಿ ಒಂದೇ ಸಲ ಕಾಯಿಸಿಕೊಳ್ಳಿ.

ನಿನ್ನೆ ಊಟಕ್ಕೆ ಕೂತಾಗ, "ನೀನೂ ನಾಸ್ತಿಕಳೇ ಕಣೇ, ದೇವರಿಲ್ಲ ಅನ್ನೋ ಧೈರ್ಯ ಮಾತ್ರ ಇಲ್ಲ" ಅಂದಿರಲ್ಲ, ಅದು ಇನ್ನೂ ಚುಚ್ಚುತ್ತಿದೆ. ಬೆಳಗ್ಗೆ ಹಿತ್ತಲ ನಲ್ಲಿಯ ಮುಂದೆ ಕೂತಿದ್ದಾಗ ಉತ್ತರ ಹೊಳೆಯಿತು.

ನೀರು ಬರುವುದೇ ಇಲ್ಲವೆಂದು ನೀವು ಮುಸುಕೆಳೆದು ಮಲಗಿದ್ದಿರಿ. ಅದು ನಾಸ್ತಿಕತೆ. ಬಂದೇ ಬರುತ್ತದೆಂದು ಅತ್ತೆ ಮಡಿಸೀರೆ ಹಿಡಿದು ಬಚ್ಚಲಲ್ಲಿ ನಿಂತಿದ್ದರು. ನನಗೆ ಎರಡೂ ಗೊತ್ತಿರಲಿಲ್ಲ. ಕೊಡ ಇಟ್ಟು, ಕೊಳವೆಯೊಳಗೆ ಗಾಳಿ ಸುಯ್ಯೆನ್ನುವುದನ್ನು ಕೇಳುತ್ತ ಕೂತೆ. ದೂರದಲ್ಲೆಲ್ಲೋ ಒಂದು ನದಿ ನಿದ್ದೆಗಣ್ಣಿನಲ್ಲಿ ನಮ್ಮ ಬೀದಿಯನ್ನು ಹುಡುಕುತ್ತಿರುವ ಹಾಗಿತ್ತು. ಗೊತ್ತಿಲ್ಲ ಎಂದು ಹಾಗೆ ಕೂರುವುದು ಅಧೈರ್ಯವಲ್ಲ.

ನೀರು ಇನ್ನೂ ಬಂದಿಲ್ಲ. ಗೆದ್ದೆನೆಂದು ನಲ್ಲಿ ಮುಚ್ಚಿಬಿಡಬೇಡಿ.

ಇನ್ನೊಂದು ಮಾತು. ನಾನು ಸೀರೆ ಉಟ್ಟು ಬರುವಷ್ಟರಲ್ಲಿ ನನ್ನ ಕೊಡದ ಹಿಂದೆ ಒಂದು ಬಕೆಟ್ ಬಂದು ಕೂತಿತ್ತು. ಕೇಳಿದರೆ, ಅತ್ತೆ ಇಟ್ಟದ್ದಲ್ಲವಂತೆ. ನೀವಂತೂ ಮುಸುಕಿನೊಳಗೇ ಇದ್ದಿರಿ. ಹೊರಗೆ ಚಾಚಿದ್ದ ಪಾದಗಳಿಗೆ ಮಾತ್ರ ಹಿತ್ತಲ ಮರಳು ಅಂಟಿತ್ತು.

ತುಂಗಾ